ಬೈಸಿಕಲ್ಲಿನ ಮೇಲಿಂದ ಬೆಂಗಳೂರು

ಮೊನ್ನೆ ಒಂದು ಮದುವೆಯ ಮನೆಯಲ್ಲಿ ಹಳೆಯ ಪರಿಚಿತರೊಬ್ಬರು ನನ್ನನ್ನು ಕಂಡು, "ಏನು ಮೇಷ್ಟ್ರೇ, ಇನ್ನೂ ಬೈಸಿಕಲ್ಲು ತುಳೀತಾ ಇದ್ದೀರಂತೆ?" ಎಂದು ಕೇಳಿದರು. ಅವರ ದನಿಯಲ್ಲಿ ಇದ್ದದ್ದು ಕುತೂಹಲವಲ್ಲ, ಮರುಕ. ಪಿಂಚಣಿ ಬರುತ್ತದೆ, ಮಗಳು ಕೆಲಸದಲ್ಲಿದ್ದಾಳೆ, ಮನೆಯ ಮುಂದೆ ಅವಳ ಕಾರು ನಿಂತಿರುತ್ತದೆ. ಹೀಗಿರುವಾಗ ಅರವತ್ತೇಳರ ಈ ಮನುಷ್ಯನಿಗೆ ಇಂಥ ಕಷ್ಟವೇಕೆ ಬಂದಿತೋ ಎಂಬ ಭಾವ. "ಹೌದು, ತುಳಿಯುತ್ತಿದ್ದೇನೆ" ಎಂದೆ. ಅಷ್ಟರಲ್ಲಿ ಪಾಯಸ ಬಡಿಸುವವರು ಬಂದುದರಿಂದ ಮಾತು ಅಲ್ಲಿಗೇ ನಿಂತಿತು. ಅಂದು ಅವರಿಗೆ ಹೇಳಲಾಗದೆ ಉಳಿದ ಉತ್ತರವನ್ನು ಈ ಹೊತ್ತು, ಕೇಳುಗರೇ, ತಮ್ಮ ಮುಂದೆ ಇಡಲು ಯತ್ನಿಸುತ್ತೇನೆ.

ಮೊದಲು ಆ 'ತುಳಿಯುವುದು' ಎಂಬ ಮಾತನ್ನೇ ನೋಡಿ. ಕನ್ನಡ ಕಲಿಸಿದವನ ಚಾಳಿ, ಮನ್ನಿಸಬೇಕು. ಕುದುರೆಯನ್ನು ನಾವು ಏರುತ್ತೇವೆ, ಬಸ್ಸನ್ನು ಹತ್ತುತ್ತೇವೆ, ಕಾರನ್ನು ಓಡಿಸುತ್ತೇವೆ. ಬೈಸಿಕಲ್ಲನ್ನು ಮಾತ್ರ ತುಳಿಯುತ್ತೇವೆ. ಕುಂಬಾರನು ಮಣ್ಣನ್ನು ತುಳಿದಂತೆ, ಏತದ ಮೇಲೆ ನಿಂತ ರೈತನು ಏತವನ್ನು ತುಳಿದಂತೆ. ಮೈಭಾರವನ್ನೂ ಮೈಬಲವನ್ನೂ ಒಂದು ವಸ್ತುವಿಗೆ ಒಪ್ಪಿಸಿ ಕೆಲಸ ತೆಗೆಯುವ ಕಡೆಗಳಲ್ಲೆಲ್ಲ ನಮ್ಮ ಜನ ಈ ಕ್ರಿಯಾಪದವನ್ನು ಬಳಸಿದ್ದಾರೆ. ವಸ್ತುವೇನೋ ಹೊರಗಿನಿಂದ ಬಂದದ್ದು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಿದ. ಅದಕ್ಕೆ ಪೆಡಲು ಇರಲಿಲ್ಲ. ಆದುದರಿಂದ ನಮ್ಮ ಕ್ರಿಯಾಪದವೂ ಅದಕ್ಕೆ ಹೊಂದುತ್ತಿರಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂಬದಿಯ ಚಕ್ರಕ್ಕೆ ಸರಪಳಿ ಹೂಡಿದ 'ರೋವರ್' ಗಾಡಿಯನ್ನು ಹೊರತಂದ. ಮೂರು ವರ್ಷಗಳ ತರುವಾಯ ಡನ್ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟ. ನನ್ನ ಮನೆಯ ಮೆಟ್ಟಿಲ ಕೆಳಗೆ ನಿಂತಿರುವುದು ಇಂದಿಗೂ ಬಹುಮಟ್ಟಿಗೆ ಅದೇ ಗಾಡಿ. ಅದಕ್ಕೆ ದ್ವಿಚಕ್ರಿ ಎಂದು ಹೆಸರಿಡಲು ಪಂಡಿತರು ನೋಡಿದ್ದುಂಟು. ಜನ ಕೇಳಲಿಲ್ಲ. ಬೈಸಿಕಲ್ಲಿಗೆ ಒಂದು ಉಕಾರವನ್ನು ಅಂಟಿಸಿ ಅದನ್ನು ಕನ್ನಡ ಮಾಡಿಕೊಂಡು ಮುಂದೆ ಹೋದರು. ಪಂಡಿತರ ಗುಂಪಿಗೆ ಸೇರಿದವನಾದರೂ ಈ ವಿಷಯದಲ್ಲಿ ನಾನು ಜನರ ಕಡೆ.

ನಾನು ತುಳಿಯಲು ಕಲಿತದ್ದು 1970ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ದೊಡ್ಡಬಸವಣ್ಣನ ಗುಡಿಯ ಹಿಂಭಾಗದ ಓಣಿಗಳಲ್ಲಿ. ಗಂಟೆಗೆ ಇಪ್ಪತ್ತೈದು ಪೈಸೆಯ ಬಾಡಿಗೆ ಗಾಡಿ. ಸೀಟಿನ ಮೇಲೆ ಕುಳಿತರೆ ಕಾಲು ನಿಲುಕುತ್ತಿರಲಿಲ್ಲವಾದ್ದರಿಂದ ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುವ ವಿದ್ಯೆ. ಮೈಯನ್ನು ಹಾವಿನಂತೆ ಬಳುಕಿಸಿ ಒಂದು ಪಕ್ಕಕ್ಕೆ ಜೋತುಬಿದ್ದು ಸಾಗುವ ಆ ಭಂಗಿಯನ್ನು ಇಂದಿನ ಮಕ್ಕಳು ಬಲ್ಲರೆ? ಅವರ ಅಳತೆಗೆ ತಕ್ಕ ಗಾಡಿಗಳು ಅವರಿಗೆ ದೊರೆಯುತ್ತವೆ. ಒಳ್ಳೆಯದೇ. ನನ್ನ ಮೊಣಕಾಲಿನ ಮೇಲೆ ಅಂದಿನ ಎರಡು ಗುರುತುಗಳು ಇನ್ನೂ ಇವೆ.

ಅದಕ್ಕೂ ಮೊದಲು ನಾನು ಸವಾರಿ ಮಾಡಿದ್ದು ತಂದೆಯವರ ಗಾಡಿಯ ಮುಂದಿನ ಕಂಬಿಯ ಮೇಲೆ. ಅವರನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಶಾಲೆಯ ಉಪಾಧ್ಯಾಯರು, ಗಮಕದ ಹುಚ್ಚು. ಸಂಜೆ ಗಾಂಧಿಬಜಾರಿನಿಂದ ಮನೆಗೆ ಬರುವಾಗ ಜೈಮಿನಿ ಭಾರತದ ಪದ್ಯಗಳನ್ನು ಮೆಲುದನಿಯಲ್ಲಿ ಹೇಳಿಕೊಳ್ಳುತ್ತ ತುಳಿಯುತ್ತಿದ್ದರು. ಏರು ಬಂದಾಗ ಪದ್ಯ ತುಂಡುತುಂಡಾಗುತ್ತಿತ್ತು; ಅವರ ಉಸಿರು ನನ್ನ ನೆತ್ತಿಗೆ ಬೆಚ್ಚಗೆ ತಾಗುತ್ತಿತ್ತು. ದಿಬ್ಬ ಮುಗಿದ ಕೂಡಲೆ ನಿಂತಲ್ಲಿಂದ ಪದ್ಯ ಮತ್ತೆ ಮುಂದಕ್ಕೆ. ಷಟ್ಪದಿಯ ಆರು ಸಾಲುಗಳಲ್ಲಿ ಯತಿ ಎಲ್ಲೆಂದು ಲಕ್ಷಣಗ್ರಂಥಗಳಲ್ಲಿ ನಾನು ಓದಿದ್ದು ಆಮೇಲೆ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಅದು ಎಲ್ಲಿ ಬೀಳುತ್ತದೆ ಎಂಬುದು ಮೊದಲೇ ಗೊತ್ತಿತ್ತು.

1984ರಲ್ಲಿ ನನಗೆ ಮಲ್ಲೇಶ್ವರದ ಕಡೆಯ ಒಂದು ಕಾಲೇಜಿನಲ್ಲಿ ಅಧ್ಯಾಪಕನ ಕೆಲಸ ದೊರೆಯಿತು. ಮನೆ ಹನುಮಂತನಗರದಲ್ಲಿ. ಅಂದಿನಿಂದ 2018ರಲ್ಲಿ ನಿವೃತ್ತನಾಗುವವರೆಗೆ, ಕಾಯಿಲೆಯ ದಿನಗಳನ್ನೂ ಜಡಿಮಳೆಯ ದಿನಗಳನ್ನೂ ಬಿಟ್ಟರೆ, ಚಾಮರಾಜಪೇಟೆ, ಕೋಟೆಯ ಪಕ್ಕ, ಕೃಷ್ಣರಾಜೇಂದ್ರ ಮಾರುಕಟ್ಟೆ, ಮೈಸೂರು ಬ್ಯಾಂಕ್ ವೃತ್ತ, ಆನಂದರಾವ್ ವೃತ್ತ, ಶೇಷಾದ್ರಿಪುರ ಇವುಗಳನ್ನು ಹಾದು ಸುಮಾರು ಎಂಟು ಕಿಲೋಮೀಟರು ಹೋಗಿ ಅಷ್ಟೇ ದೂರ ಹಿಂದಿರುಗಿದ್ದೇನೆ. ನಾನು ಬಾಲಕನಾಗಿದ್ದಾಗ, 1971ರ ಜನಗಣತಿಯಲ್ಲಿ, ಬೆಂಗಳೂರಿನ ಜನ ಹದಿನಾರು ಲಕ್ಷಕ್ಕೆ ಸ್ವಲ್ಪ ಮೇಲೆ. 2011ರ ಹೊತ್ತಿಗೆ ಅದು 84 ಲಕ್ಷವನ್ನು ದಾಟಿತ್ತು. ಈಗ ನೋಂದಾಯಿತ ವಾಹನಗಳೇ ಒಂದು ಕೋಟಿಗೂ ಹೆಚ್ಚು. ಈ ಲೆಕ್ಕದಲ್ಲಿ ನನ್ನ ಗಾಡಿ ಸೇರಿಲ್ಲ. ಪುರಸಭೆಯ ಬಿಲ್ಲೆಯನ್ನು ಗಾಡಿಗೆ ಕಟ್ಟಿಸಿಕೊಳ್ಳಬೇಕಾಗಿದ್ದ, ದೀಪವಿಲ್ಲದೆ ಹೊರಟರೆ ಪೋಲೀಸಿನವರು ಚಕ್ರದ ಗಾಳಿ ಬಿಟ್ಟು ನಡೆಸಿ ಕಳುಹಿಸುತ್ತಿದ್ದ ಕಾಲವೊಂದಿತ್ತು. ಈಗ ನಮ್ಮನ್ನು ಯಾರೂ ತಡೆಯುವುದಿಲ್ಲ, ಎಣಿಸುವುದೂ ಇಲ್ಲ.

ಇಷ್ಟು ವರ್ಷ ತುಳಿದು ಕಂಡದ್ದೇನು ಎಂದರೆ, ಮೊದಲನೆಯದಾಗಿ ಈ ಊರಿನ ನೆಲವನ್ನು ಕಂಡೆ. ಬೆಂಗಳೂರು ಸಮತಟ್ಟಾದ ಊರೆಂದು ಕಾರಿನಲ್ಲಿ ಕುಳಿತವರು ತಿಳಿದಿದ್ದಾರೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿ, ನಿಜ; ಆದರೆ ಅದಕ್ಕೊಂದು ಬೆನ್ನುಮೂಳೆಯಿದೆ. ಊರಿನ ನಡುವೆ ಉತ್ತರ ದಕ್ಷಿಣವಾಗಿ ಹಾಯುವ ಆ ಏಣಿನ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಇಳಿದು, ಅರ್ಕಾವತಿಯನ್ನು ಸೇರಿ, ಕಾವೇರಿಯಾಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು ವರ್ತೂರುಗಳ ಕಡೆ ಹರಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಒಂದೇ ಮೋಡದ ನೀರು ಹೀಗೆ ಎರಡು ನದಿಗಳ ಪಾಲಾಗುವ ಊರು ನಮ್ಮದು. ಇದನ್ನು ನಾನು ಭೂಗೋಳದ ಪುಸ್ತಕದಲ್ಲಿ ಓದಿದಾಗ ಆಶ್ಚರ್ಯವೆನಿಸಲಿಲ್ಲ. ನನ್ನ ಮೀನಖಂಡಗಳಿಗೆ ಅದು ತಿಳಿದಿತ್ತು.

ಬೈಸಿಕಲ್ಲು ನೀರಿನಂಥದು. ಬಿಟ್ಟರೆ ನೀರು ಹರಿಯುತ್ತಿದ್ದ ಕಡೆಗೇ ಹರಿಯುತ್ತದೆ. ಬೆಳಿಗ್ಗೆ ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣಾಶ್ರಮವನ್ನು ದಾಟಿ ಕೆಳಮುಖವಾದರೆ, ಕಾಲನ್ನು ಸುಮ್ಮನಿರಿಸಿ, ಫ್ರೀವೀಲಿನ ಟಿಕ್ ಟಿಕ್ ಸದ್ದನ್ನು ಕೇಳುತ್ತ ಬಹುದೂರ ಹೋಗಬಹುದು. ಆ ಇಳಿಜಾರು ಎಲ್ಲಿ ಮುಗಿಯುತ್ತದೆ? ಮಾರುಕಟ್ಟೆಯ ಬಳಿ. ಅಲ್ಲಿ ಹಿಂದೆ ಸಿದ್ಧಿಕಟ್ಟೆ ಎಂಬ ಕೆರೆಯಿತ್ತು. ಅಲ್ಲಿಂದ ಮುಂದೆ ಮತ್ತೊಂದು ತಗ್ಗು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಅದು ಧರ್ಮಾಂಬುಧಿ ಕೆರೆಯ ಅಂಗಳ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದೆ. ಕೆರೆಗಳು ಹೋಗಿ ಎಷ್ಟೋ ಕಾಲವಾಯಿತು. ಆದರೆ ತಗ್ಗು ಹೋಗಿಲ್ಲ. ದೊಡ್ಡ ಮಳೆ ಬಂದ ದಿನ ನೀರಿಗೂ, ಪ್ರತಿದಿನ ಬೈಸಿಕಲ್ಲಿಗೂ ಅದು ನೆನಪಿದೆ. ಕೆಂಪೇಗೌಡರ ಕಾಲದ ಪಟವನ್ನು ಕೈಗೆ ಕೊಟ್ಟರೂ ನನಗೆ ಅದು ಇಷ್ಟು ಚೆನ್ನಾಗಿ ಅರ್ಥವಾಗುತ್ತಿರಲಿಲ್ಲ.

ಏರಿನ ಮಾತು ಬೇರೆ. ಶೇಷಾದ್ರಿಪುರದ ಸ್ವಸ್ತಿಕ್ ವೃತ್ತವನ್ನು ಬಿಟ್ಟು ಮಲ್ಲೇಶ್ವರದ ಕಡೆಗೆ ತಿರುಗಿದರೆ ನೆಲ ನಿಧಾನವಾಗಿ ಮೇಲೇಳುತ್ತದೆ. ಯೌವನದಲ್ಲಿ ಅದನ್ನು ನಾಲ್ಕು ನಾಲ್ಕು ಮಾತ್ರೆಯ ಶರಷಟ್ಪದಿಯಂತೆ ಏರುತ್ತಿದ್ದೆ: ಬಲಗಾಲಿಗೆ ನಾಲ್ಕು, ಎಡಗಾಲಿಗೆ ನಾಲ್ಕು, ಎರಡೂ ಸಮ. ಐವತ್ತೈದು ದಾಟಿದ ಮೇಲೆ ಎಡಮೊಣಕಾಲು ಸ್ವಲ್ಪ ಮುನಿಸಿಕೊಂಡಿತು. ಬಲಗಾಲು ಮೂರು ಮಾತ್ರೆಗೆ ಮುಗಿಸಿದ ಕೆಲಸವನ್ನು ಎಡಗಾಲು ನಾಲ್ಕಕ್ಕೆ ಎಳೆಯತೊಡಗಿತು. ಮೂರು ನಾಲ್ಕು, ಮೂರು ನಾಲ್ಕು. ಛಂದಸ್ಸು ಬಲ್ಲವರು ಇಷ್ಟರಲ್ಲಿ ನಕ್ಕಿರುತ್ತಾರೆ. ಇದು ಭಾಮಿನಿ, ಕುಮಾರವ್ಯಾಸ ಹಿಡಿದ ಲಯ. ಒಮ್ಮೆ ಪ್ರಸ್ತಾರ ಹಾಕುವುದನ್ನು ಕಲಿಸುತ್ತಿದ್ದಾಗ ಇದನ್ನೇ ತರಗತಿಯಲ್ಲಿ ಹೇಳಿದೆ. ಮಾತ್ರಾಗಣವೆಂದರೆ ಬೆಚ್ಚುತ್ತಿದ್ದ ಹುಡುಗರು ಮರುದಿನ ಮೇಜು ತಟ್ಟಿ ಭಾಮಿನಿಯನ್ನು ಹೇಳಿದರು. ನನ್ನ ಮೊಣಕಾಲಿನಿಂದ ಕನ್ನಡಕ್ಕೆ ಆದ ಉಪಕಾರ ಇದೊಂದೇ ಇರಬೇಕು.

ನೆಲದಂತೆಯೇ ಗಾಳಿ. ಗಾಂಧಿಬಜಾರಿನಲ್ಲಿ ಕಾಫಿಬೀಜ ಹುರಿಯುವ ವಾಸನೆ, ಮಾರುಕಟ್ಟೆಯ ಬಳಿ ಸೇವಂತಿಗೆ ಮರುಗ ಕೊಳೆತ ಸೊಪ್ಪು ಎಲ್ಲ ಬೆರೆತ ಒಂದು ಘಮಲು, ಅದರ ಮೇಲೆ ಬಸ್ಸಿನ ಹೊಗೆ. ಹೊಗೆಯನ್ನು ಮರೆಮಾಚಿ ನಾನು ಈ ಸುಖದ ವರ್ಣನೆ ಮಾಡಲಾರೆ; ಮಧ್ಯಾಹ್ನದ ಹೊತ್ತು ಮಾರುಕಟ್ಟೆಯನ್ನು ದಾಟಿ ಬಂದವನ ಕರವಸ್ತ್ರ ಕಪ್ಪಾಗುತ್ತದೆ. ಆದರೆ ಲಾಲ್‌ಬಾಗಿನ ಗೋಡೆಯ ಪಕ್ಕಕ್ಕೆ ಬಂದ ಕೂಡಲೇ ಮುಖಕ್ಕೆ ತಾಗುವ ತಂಪನ್ನು, ಕತ್ತರಿಸಿಟ್ಟಂಥ ಅದರ ಅಂಚನ್ನು, ಗಾಜು ಏರಿಸಿದ ಕಾರಿನವನು ಎಂದಾದರೂ ಅನುಭವಿಸಿದ್ದಾನೆಯೆ?

ಮರಗಳನ್ನು ನಾನು ಗುರುತಿಸುವುದು ಚಕ್ರದ ಸದ್ದಿನಿಂದ. ಯುಗಾದಿಯ ಆಚೆ ಹೊಂಗೆ ಹೂ ಅವಲಕ್ಕಿ ಚೆಲ್ಲಿದಂತೆ ರಸ್ತೆಯ ಮೇಲೆ ಬಿದ್ದಿರುತ್ತದೆ. ಅದರ ಮೇಲೆ ಟೈರು ಹೋದರೆ ಬಲು ಮೆಲ್ಲನೆಯ ಚರಚರ ಸದ್ದು. ಮಳೆಗಾಲ ಮುಗಿಯುತ್ತಲೇ ಆಕಾಶಮಲ್ಲಿಗೆ. ಅದಕ್ಕೆ ಸದ್ದಿಲ್ಲ, ಸುವಾಸನೆಯಷ್ಟೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಯೋಜಿಸಿದನೆಂದು ಹೇಳುತ್ತಾರೆ. ಕಾಲುನಡಿಗೆಯವನು ಒಂದು ದಿನದಲ್ಲಿ ಒಂದು ಬೀದಿಯ ಹೂವನ್ನು ಕಂಡಾನು. ಇಡೀ ಊರಿನ ಋತುವನ್ನು ಕಾಣಬೇಕಾದರೆ ಅವನ ಮೂರರಷ್ಟು ವೇಗ ಬೇಕು, ಅದಕ್ಕಿಂತ ಹೆಚ್ಚು ಕೂಡದು.

ಸಂಜೆ ಮರಳುವಾಗ ಅವೆನ್ಯೂ ರಸ್ತೆ. ಹಿಂದೆ ಅದು ದೊಡ್ಡಪೇಟೆ. ಹಳೆಯ ಪುಸ್ತಕದ ಅಂಗಡಿಗಳ ಮುಂದೆ ಗಾಡಿಯಿಂದ ಇಳಿಯದೆ, ಒಂದು ಕಾಲನ್ನು ಚಪ್ಪಡಿಯ ಮೇಲೆ ಊರಿ, ರಾಶಿಯ ಮೇಲಿನ ಬೆನ್ನುಗಳನ್ನು ಓದುವುದು ನನ್ನ ಅಭ್ಯಾಸವಾಗಿತ್ತು. ನನ್ನ ಮನೆಯ ಪುಸ್ತಕಗಳಲ್ಲಿ ಕಾಲುಭಾಗವಾದರೂ ಹೀಗೆ ಒಂದು ಕಾಲಿನ ಮೇಲೆ ನಿಂತು ಸಂಪಾದಿಸಿದವು. ಕಾರಿಗೆ ಅಲ್ಲಿ ನಿಲ್ಲಲು ಎಡೆಯಿಲ್ಲ. ಬಸ್ಸಿನಿಂದ ಇಳಿದು ಬರಬೇಕಾದರೆ ಮೊದಲೇ ನಿಶ್ಚಯಿಸಿರಬೇಕು. ನಿಶ್ಚಯವಿಲ್ಲದೆ ನಿಲ್ಲುವ ಸ್ವಾತಂತ್ರ್ಯ ಬೈಸಿಕಲ್ಲಿನವನಿಗೆ ಮಾತ್ರ.

ನಮ್ಮ ಬಳಗದ ಬಗೆಗೂ ಒಂದು ಮಾತು. ಬೆಳಿಗ್ಗೆ ಆರು ಗಂಟೆಗೆ ಚಾಮರಾಜಪೇಟೆಯಲ್ಲಿ ನಿಂತು ನೋಡಿ. ಪತ್ರಿಕೆ ಹಾಕುವ ಹುಡುಗರು, ಹ್ಯಾಂಡಲಿಗೆ ಊಟದ ಡಬ್ಬಿ ತೂಗುಹಾಕಿಕೊಂಡು ಕರಣೆ ರಸಮಟ್ಟಗಳ ಚೀಲವನ್ನು ಹಿಂದೆ ಬಿಗಿದ ಗಾರೆ ಕೆಲಸದವರು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬರುವ ಕಾವಲುಗಾರರು. ಭಾನುವಾರ ಇನ್ನೊಂದು ಬಗೆಯವರು ಹೊರಡುತ್ತಾರೆ: ಬಣ್ಣದ ಅಂಗಿ, ಶಿರಸ್ತ್ರಾಣ, ನನ್ನ ಆರು ತಿಂಗಳ ಪಿಂಚಣಿಯ ಬೆಲೆಯ ಗಾಡಿ. ಅವರ ಮೇಲೆ ನನಗೆ ಅಸೂಯೆಯಿಲ್ಲ, ಇದ್ದರೂ ಸ್ವಲ್ಪವೇ. ಆದರೆ ನಗರದಲ್ಲಿ ಬೈಸಿಕಲ್ಲಿನ ಭವಿಷ್ಯವೇನು ಎಂದು ವಿಚಾರಗೋಷ್ಠಿ ನಡೆದಾಗಲೆಲ್ಲ ಈ ಎರಡನೆಯವರನ್ನೇ ಕರೆದು ಕೇಳುತ್ತಾರೆ, ಕರಣೆಯವನನ್ನು ಯಾರೂ ಕರೆಯುವುದಿಲ್ಲ. 2012ರ ಸುಮಾರಿಗೆ ಜಯನಗರದ ರಸ್ತೆಗಳಲ್ಲಿ ಬೈಸಿಕಲ್ಲಿಗೆಂದೇ ಪಥ ಗುರುತು ಮಾಡಿದರು. ಅದರಲ್ಲಿ ಕಾರುಗಳು ತಂದು ನಿಂತವು. ಕರಣೆಯವನನ್ನು ಕೇಳಿದ್ದರೆ ಅವನು ಮೊದಲೇ ಹೇಳುತ್ತಿದ್ದ.

ನಿಂತ ಕಾರಿನಿಂದಲೇ ನನಗೂ ಪೆಟ್ಟಾಯಿತು. ನಿವೃತ್ತಿಯ ಮೇಲೂ ನಾನು ವಾರದಲ್ಲಿ ನಾಲ್ಕು ದಿನ ಸಾಹಿತ್ಯ ಪರಿಷತ್ತಿನ ಕಡೆಗೆ ಹೋಗಿಬರುತ್ತಿದ್ದೆ. 2022ರ ಜುಲೈ ತಿಂಗಳಲ್ಲಿ ಒಂದು ಸಂಜೆ, ಬೆಳಕು ಮಸುಕಾಗುವ ಹೊತ್ತು, ಚಾಮರಾಜಪೇಟೆಯಲ್ಲಿ ಸಾಲಾಗಿ ನಿಂತ ಕಾರುಗಳಲ್ಲಿ ಒಂದರ ಬಾಗಿಲು ಇದ್ದಕ್ಕಿದ್ದಂತೆ ತೆರೆಯಿತು. ಆಮೇಲೆ ನನಗೆ ನೆನಪಿರುವುದು ಮುಖದ ಬಳಿ ಇನ್ನೂ ತಿರುಗುತ್ತಿದ್ದ ಮುಂದಿನ ಚಕ್ರ. ಕೊರಳ ಬಳಿಯ ಎಲುಬು ಮುರಿದಿತ್ತು. ಬಾಗಿಲು ತೆರೆದ ಯುವಕ ನನಗಿಂತ ಹೆಚ್ಚು ನಡುಗುತ್ತಿದ್ದ; ಅವನೇ ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ "ನೋಡಲಿಲ್ಲ ಸಾರ್, ನೋಡಲಿಲ್ಲ" ಎನ್ನುತ್ತಿದ್ದ. ಅವನು ನೋಡಲಿಲ್ಲವೆಂಬುದು ನಿಜ. ಅಷ್ಟು ಹೊತ್ತಿಗೆ ನನ್ನ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದ್ದು ನಾನೂ ಸರಿಯಾಗಿ ನೋಡಲಿಲ್ಲವೆಂಬುದೂ ನಿಜ. ಇದನ್ನು ಮನೆಯಲ್ಲಿ ಹೇಳಿದ್ದು ಬಹಳ ದಿನಗಳ ಮೇಲೆ.

ಮೂರು ತಿಂಗಳು ನಾನು ಬೈಸಿಕಲ್ಲನ್ನು ಮುಟ್ಟಲಿಲ್ಲ. ನನ್ನಾಕೆ ಬಾಯಲ್ಲಿ ಏನೂ ಹೇಳಲಿಲ್ಲ. ಮೆಟ್ಟಿಲ ಕೆಳಗಿನ ಗಾಡಿಯ ಕ್ಯಾರಿಯರಿನ ಮೇಲೆ ಹಪ್ಪಳದ ಡಬ್ಬವನ್ನೂ ಸೀಟಿನ ಮೇಲೆ ಹಳೆಯ ಗೋಣಿಚೀಲವನ್ನೂ ಇಟ್ಟಳು. ಅದೊಂದು ಕಪಾಟಾಯಿತು. ವೈದ್ಯರಲ್ಲಿಗೂ ನೆಂಟರ ಮನೆಗೂ ಮಗಳು ಕಾರಿನಲ್ಲಿ ಕರೆದೊಯ್ಯುತ್ತಿದ್ದಳು. ಎಚ್ಚರಿಕೆಯಿಂದ ನಡೆಸುತ್ತಾಳೆ, ಒಳಗೆ ತಂಪು, ಸಂಗೀತವೂ ಉಂಟು. ದೂರುವಂಥದು ಏನೂ ಇರಲಿಲ್ಲ. ಆದರೂ ಒಂದು ದಿನ ಮಾರುಕಟ್ಟೆಯ ಬಳಿ ಬಂದಾಗ ಇಳಿಜಾರು ಯಾವಾಗ ಮುಗಿಯಿತೆಂದೇ ನನಗೆ ಗೊತ್ತಾಗಲಿಲ್ಲ. ಆಕಾಶಮಲ್ಲಿಗೆ ಉದುರಲು ಆರಂಭವಾದದ್ದನ್ನು ಪಕ್ಕದ ಮನೆಯವರು ಹೇಳಿ ತಿಳಿದೆ. ಕೆಂಪು ದೀಪದ ಬಳಿ ನಿಂತಾಗ ಎಡಗಡೆ ಒಬ್ಬ ಗಾರೆಯವನು ಗಾಜಿಗೆ ಇಷ್ಟು ಹತ್ತಿರದಲ್ಲಿ ಕಾಲೂರಿ ನಿಂತ. ಹಿಂದಿನ ದಿನಗಳಾಗಿದ್ದರೆ ಇಬ್ಬರೂ ಬಿಸಿಲಿನ ಮೇಲೋ ದೀಪದ ಮೇಲೋ ಒಂದು ಮಾತಾಡುತ್ತಿದ್ದೆವು. ಈಗ ಅವನಿಗೆ ಗಾಜಿನಲ್ಲಿ ಕಂಡದ್ದು ಅವನ ಮುಖವೇ. ತಲೆಗೂದಲನ್ನು ಸರಿಮಾಡಿಕೊಂಡು ಹೊರಟುಹೋದ.

ಅಂದು ರಾತ್ರಿ ನಾನು ಮನೆಯಲ್ಲಿ ಮಾತೆತ್ತಿದೆ. ಮಗಳು ಮೊದಲು ಲೆಕ್ಕ ಹೇಳಿದಳು: ವಯಸ್ಸು, ಕಣ್ಣು, ಎಲುಬು ಕೂಡಲು ಹಿಡಿದ ವಾರಗಳು, ರಸ್ತೆಯ ವಾಹನಗಳು. ಪ್ರತಿಯೊಂದು ಅಂಕಿಯೂ ಸರಿಯಾಗಿತ್ತು. ನನ್ನ ಬಳಿ ಎದುರಿಡಲು ಅಂಕಿಗಳಿರಲಿಲ್ಲ. ಹೊಂಗೆ ಹೂವಿನ ಸದ್ದಿನ ವಿಷಯ ಹೇಳಿದರೆ ಅದು ವಾದವೆನಿಸೀತೆ? "ಅಪ್ಪ, ನೀವು ಫೋನಿನ ಮೇಲೆ ಹತ್ತು ನಿಮಿಷ ತಡಮಾಡಿದರೆ ನನಗೆ ಕಚೇರಿಯಲ್ಲಿ ಕೈಕಾಲು ಆಡೋದಿಲ್ಲ, ಅದು ಗೊತ್ತಾ ನಿಮಗೆ?" ಎಂದಳು. ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಹೋಗಿಬಂದವನು ನಾನು; ಕಾದು ಕುಳಿತವರ ಲೆಕ್ಕವನ್ನು ನಾನು ಎಂದೂ ಹಾಕಿರಲಿಲ್ಲ.

ಕೊನೆಗೆ ಒಪ್ಪಂದವಾಯಿತು. ಕಣ್ಣಿನ ಪೊರೆ ತೆಗೆಸಬೇಕು. ತಲೆಗೆ ಶಿರಸ್ತ್ರಾಣ ಬೇಕು. ಬೆಳಿಗ್ಗೆ ಆರರಿಂದ ಎಂಟರ ಒಳಗೆ ಮಾತ್ರ; ಸಂಜೆ ಕೂಡದು. ಸಂಜೆ ಕೂಡದೆಂದರೆ ಅವೆನ್ಯೂ ರಸ್ತೆ ಹೋಯಿತು, ಒಂಟಿಕಾಲಿನ ಮೇಲೆ ಓದುವ ಪುಸ್ತಕದ ಬೆನ್ನುಗಳು ಹೋದವು, ಡೈನಮೋ ದೀಪದ ಹಳದಿ ಬೆಳಕು ರಸ್ತೆಯ ಮೇಲೆ ನನಗಿಂತ ಮುಂದೆ ಓಡುವುದು ಹೋಯಿತು. ಒಪ್ಪಿಕೊಂಡೆ. ಅರ್ಧದಷ್ಟನ್ನು ಬಿಟ್ಟುಕೊಟ್ಟೆನೆಂದು ಈಗಲೂ ಕೆಲವು ಸಂಜೆ ಮನಸ್ಸು ಕುದಿಯುತ್ತದೆ. ಕೇಳಿದವರು ತಾವೇ ಆದ್ದರಿಂದ ಇದನ್ನು ಮುಚ್ಚಿಡುವುದಿಲ್ಲ.

ಕಣ್ಣಿನ ಕೆಲಸ ಮುಗಿಯುವ ಹೊತ್ತಿಗೆ ವರ್ಷ ಕಳೆದು 2023ರ ಜನವರಿ ಬಂದಿತ್ತು. ಗವಿಪುರದ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡುವ ವೃದ್ಧರೊಬ್ಬರಿದ್ದಾರೆ; ಸಾಹೇಬರೆಂದೇ ನಾನು ಕರೆಯುವುದು. ಗಾಡಿಯನ್ನು ತಳ್ಳಿಕೊಂಡು ಅವರಲ್ಲಿಗೆ ಹೋದೆ. ಅವರು ಚಕ್ರವನ್ನು ಮೇಲೆತ್ತಿ ತಿರುಗಿಸಿ, ಕಡ್ಡಿಗಳನ್ನು ಒಂದೊಂದಾಗಿ ಮಿಡಿದು ನೋಡಿ, "ರಿಮ್ಮಿನ ಬೆಂಡು ನಾನು ತೆಗೀತೀನಿ ಮೇಷ್ಟ್ರೇ, ಆದರೆ ನಿಮ್ಮ ಕೈ ನಡುಗ್ತಾ ಇದೆಯಲ್ಲ, ಅದನ್ನ ನೀವೇ ತೆಗೀಬೇಕು" ಎಂದರು. ಹ್ಯಾಂಡಲ್ ಹಿಡಿದ ನನ್ನ ಕೈಗಳು ನಿಜವಾಗಿಯೂ ನಡುಗುತ್ತಿದ್ದುವು. ಭಯವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಸಾಹೇಬರು ಸ್ಪ್ಯಾನರ್ ತೆಗೆದು ನನ್ನನ್ನು ಕೇಳದೆಯೇ ಸೀಟನ್ನು ಎರಡು ಬೆರಳು ಕೆಳಗಿಳಿಸಿದರು. "ಇನ್ಮೇಲೆ ನಿಂತಾಗ ಎರಡು ಕಾಲೂ ನೆಲ ಮುಟ್ಟಬೇಕು." ಇಪ್ಪತ್ತೈದನೆಯ ವಯಸ್ಸಿನಿಂದ ಯಾರಿಗೂ ಇಳಿಸಗೊಡದೆ ಇದ್ದ ಎತ್ತರ ಅದು. ಸುಮ್ಮನೆ ಇದ್ದುಬಿಟ್ಟೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ, ಮಂಜು ಇನ್ನೂ ಬೀದಿದೀಪಗಳನ್ನು ಸುತ್ತಿಕೊಂಡಿದ್ದಾಗ, ಹೊರಟೆ. ಗಾಂಧಿಬಜಾರಿನ ಕಾಫಿ ಅಂಗಡಿ ಇನ್ನೂ ತೆರೆದಿರಲಿಲ್ಲ. ಆಶ್ರಮವನ್ನು ದಾಟಿದ ಮೇಲೆ ಕಾಲು ನಿಲ್ಲಿಸಿದೆ. ಫ್ರೀವೀಲು ಸದ್ದು ಮಾಡತೊಡಗಿತು. ಚಾಮರಾಜಪೇಟೆಯಲ್ಲಿ ನಾನು ಬಿದ್ದ ಜಾಗದ ಬಳಿ ಬ್ರೇಕನ್ನು ಬಿಗಿಹಿಡಿದು ನಡುರಸ್ತೆಗೆ ಸರಿದೆ. ಮಾರುಕಟ್ಟೆಯ ತಗ್ಗಿನಲ್ಲಿ ಹೂವಿನ ಬುಟ್ಟಿಗಳು ಇಳಿಯುತ್ತಿದ್ದವು. ಅಲ್ಲಿ ಹಲವು ವರ್ಷಗಳಿಂದ ನಾನು ಶುಕ್ರವಾರಗಳಂದು ಹೂ ಕೊಳ್ಳುವ ಮುದುಕಿ ತಲೆಯೆತ್ತಿ ನೋಡಿ, "ಏನ್ ಸಾಮಿ, ಕಾಣ್ಲೇ ಇಲ್ಲ? ಬ್ಯಾರೆ ಊರಿಗೆ ಓಗಿದ್ರಾ?" ಎಂದಳು.

"ಹೂಂ ಕಣಮ್ಮ, ಹೋಗಿದ್ದೆ" ಎಂದೆ.

ಎರಡು ಮೊಳ ಸೇವಂತಿಗೆಯನ್ನು ಎಲೆಯಲ್ಲಿ ಸುತ್ತಿಕೊಟ್ಟಳು. ಅದನ್ನು ಹ್ಯಾಂಡಲಿಗೆ ಕಟ್ಟಿಕೊಂಡು ಹಿಂದಿರುಗಿದೆ. ಆಶ್ರಮದ ಬಳಿಯ ಏರಿನಲ್ಲಿ ಮೂರು ನಾಲ್ಕರ ಲಯವೂ ತಪ್ಪಿ ಉಸಿರು ಸಾಲದಾಯಿತು. ಇಳಿದು ತಳ್ಳಿಕೊಂಡು ಬಂದೆ. ಮನೆ ಸೇರಿದಾಗ ಎಂಟಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಮಗಳು ಗೇಟಿನ ಬಳಿ ನಿಂತಿದ್ದಳು.